ಜಗಲಿಯ ಮೇಲಿನ ಹೆಸರಿಲ್ಲದ ಪಾತ್ರೆ

ಈ ವಸಂತದಲ್ಲಿ ಆರ್ಲಿಸ್ ಟೋರ್ಗರ್ಸನ್ ನಮ್ಮ ಊರ ಕ್ಲರ್ಕ್ ಕೆಲಸದಿಂದ ನಿವೃತ್ತಳಾದಳು. ಚರ್ಚಿನ ಪತ್ರಿಕೆಗೆ ಅವಳ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಪಾದ್ರಿಗಳು ನನ್ನನ್ನು ಕೇಳಿದರು. ಉಳಿದ ಅರ್ಧ ಪುಟಕ್ಕೆ ಟ್ರ್ಯಾಕ್ಟರಿನ ಜಾಹೀರಾತು ಬಂದಿದೆಯಂತೆ. ಬರೆದುಕೊಟ್ಟೆ. ಹುಟ್ಟಿದ್ದು ಇಲ್ಲೇ, ಮದುವೆಯಾದದ್ದು ಪಕ್ಕದ ಹೊಲದ ಹಾರ್ಲನ್‌ನನ್ನು, ಹಸು ಕಟ್ಟಿದ್ದು, ಹಸು ಮಾರಿದ್ದು, ಒಬ್ಬಳು ಮಗಳು, ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಪಾಠ, ಊರಿನ ಸೇವೆ. ಓದಿ ನೋಡಿದರೆ ಸತ್ತವರ ಬಗ್ಗೆ ಬರೆದ ಹಾಗಿತ್ತು. ಆರ್ಲಿಸ್ ಸತ್ತಿಲ್ಲ. ಇದನ್ನು ಬರೆಯುತ್ತಿರುವ ಹೊತ್ತಿಗೆ ನನ್ನ ಅಡುಗೆಮನೆಯಲ್ಲೇ ಕೂತು, ನನ್ನ ಕಾಫಿಯನ್ನೇ ಕುಡಿಯುತ್ತ, ಅದು ನೀರು ನೀರಾಗಿದೆ ಎಂದು ದೂರುತ್ತಿದ್ದಾಳೆ. ಅರ್ಧ ಪುಟದಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಮಾರ್ಡೆಲ್. ರಸ್ತೆಯ ಈಚೆ ನನ್ನ ಮನೆ, ಆಚೆ ಅವಳದು. ವಿಸ್ಕಾನ್ಸಿನ್‌ನ ಈ ಪಶ್ಚಿಮದ ಮೂಲೆಯಲ್ಲಿ ಬರ್ ಓಕ್ ಎಂಬ ಊರೊಂದು ಇದೆಯೆಂಬುದು ನಮಗೆ ಮತ್ತು ಅಂಚೆಯವನಿಗೆ ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಕ್ಲರ್ಕನ್ನೂ ಓಟು ಹಾಕಿಯೇ ಆರಿಸುತ್ತೇವೆ. ಆರ್ಲಿಸ್ ಎದುರು ಯಾರೂ ಯಾವತ್ತೂ ನಿಲ್ಲಲಿಲ್ಲ. ಅವಳ ಮೇಲಿನ ಪ್ರೀತಿಯಿಂದಲ್ಲ, ಆ ಕೆಲಸ ಯಾರಿಗೂ ಬೇಡವಾಗಿತ್ತು. ನಾಯಿಗಳಿಗೆ ಲೈಸೆನ್ಸ್ ಕೊಡುವುದು, ರಸ್ತೆಯಲ್ಲಿ ಗುಂಡಿ ಬಿದ್ದರೆ ಬೈಸಿಕೊಳ್ಳುವುದು, ಚುನಾವಣೆ ಬಂದಾಗ ಊರ ಹಾಲ್‌ನ ಬೀಗ ತೆಗೆದು ಓಟು ನಡೆಸುವುದು, ಇಷ್ಟೇ ಆ ಕೆಲಸ. ಹಾಲ್‌ನ ಕೀಲಿಕೈ ಅವಳ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು.

ಓಟಿನ ದಿನ ನಮ್ಮಲ್ಲಿ ಒಂದು ನಿಯಮವಿದೆ. ಮೇಜಿನ ಮುಂದೆ ಬಂದವರು ತಮ್ಮ ಹೆಸರು, ವಿಳಾಸ ಎರಡನ್ನೂ ಬಾಯಿಬಿಟ್ಟು, ಸುತ್ತಲಿನವರಿಗೆ ಕೇಳುವಂತೆ ಹೇಳಬೇಕು. ಗುರುತಿನ ಚೀಟಿ ತೋರಿಸಿದರೂ ಹೇಳಲೇಬೇಕು. ಹುಟ್ಟಿದಾಗಿನಿಂದ ನೋಡಿದವರಾದರೂ ಹೇಳಬೇಕು. ಹಾರ್ಲನ್‌ಗಂತೂ ಇದು ಪ್ರತಿ ಚುನಾವಣೆಯಲ್ಲೂ ಒಂದು ನಾಟಕ.

"ಹೆಸರು?" ಎಂದು ಹೆಂಡತಿ ಮುಖ ಎತ್ತದೆ ಕೇಳುವಳು.

"ಒಂದೇ ಹಾಸಿಗೇಲಿ ಮಲಗ್ತೀವಲ್ಲೇ, ಇನ್ನೂ ಹೆಸರು ಗೊತ್ತಾಗ್ಲಿಲ್ವಾ?"

"ಗೊರಕೆ ಗೊತ್ತು. ಹೆಸರು ಹೇಳಿ ಸ್ವಾಮಿ, ಹಿಂದೆ ಜನ ನಿಂತವ್ರೆ."

ಸಾಲಿನಲ್ಲಿ ನಿಂತವರೆಲ್ಲ ನಗುವರು. ಪ್ರತಿ ಸಲ ಅದೇ ಮಾತು, ಪ್ರತಿ ಸಲ ಅದೇ ನಗು. ಸಂಜೆ ಬಾಗಿಲು ಹಾಕಿದ ಮೇಲೆ ನಾವು ನಾಲ್ಕಾರು ಜನ ಮರದ ಪೆಟ್ಟಿಗೆ ತೆಗೆದು ಮತಪತ್ರಗಳನ್ನು ಕೈಯಲ್ಲೇ ಎಣಿಸುತ್ತಿದ್ದೆವು. ಓಟು ಎಣಿಸುವ ಯಂತ್ರ ನಮ್ಮ ಊರಿಗೆ ಬಂದೇ ಇಲ್ಲ. ನಮ್ಮ ಜೊತೆ ಬಹಳ ಕಾಲ ಎಣಿಸಿದವಳು ಇನೆಜ್ ಬ್ರೆಕ್ಕೆ, ಬೆಟ್ಟದ ರಸ್ತೆಯವಳು. ಎಣಿಸುವಾಗ ಯಾರಾದರೂ ಮಾತಾಡಿದರೆ ಮತ್ತೆ ಮೊದಲಿಂದ ಶುರು ಮಾಡುವಳು. ಅವಳ ಕಾಟಕ್ಕೆ ನಾವು ಬಾಯಿ ಹೊಲಿದುಕೊಂಡು ಕೂರುತ್ತಿದ್ದೆವು. ಅವಳು ತೀರಿಕೊಂಡಳು. ಮನೆಯಲ್ಲಿ ಅವಳ ಮಗ ಲೈಲ್ ಒಬ್ಬನೇ ಉಳಿದ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಯಾರ ಮನೆಯಲ್ಲಾದರೂ ಸಾವು, ಹೆರಿಗೆ, ಕಾಯಿಲೆ ಬಂದರೆ ನಾವು ಬಾಯಲ್ಲಿ ಸಮಾಧಾನ ಹೇಳುವ ಜನವಲ್ಲ. ಬಾಯಿ ನಮಗೆ ಬರುವುದಿಲ್ಲ. ಹಾಟ್‌ಡಿಶ್ ಮಾಡಿ ಒಯ್ಯುತ್ತೇವೆ. ಮಾಂಸದ ಖೀಮಾ, ಅಣಬೆಯ ಸೂಪು, ಮೇಲೆ ಕರಿದ ಆಲೂಗಡ್ಡೆ, ಒಂದೇ ಪಿಂಗಾಣಿ ಪಾತ್ರೆಯಲ್ಲಿ ಓವನ್ನಿಗಿಟ್ಟು ಬೇಯಿಸಿದ್ದು. ಬಾಗಿಲಲ್ಲಿಟ್ಟು ಬಂದುಬಿಡುತ್ತೇವೆ. ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತೇವೆ, ಪಾತ್ರೆ ವಾಪಸು ಬರಬೇಕಲ್ಲ. ವಾಪಸು ಬರುವಾಗ ಅದು ಖಾಲಿ ಬರಬಾರದು. ಎಲ್ಲರೂ ಟೇಪು ಅಂಟಿಸಿದರೆ ಇನೆಜ್ ಮಾತ್ರ ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಹೆಸರು ಬರೆಯುತ್ತಿದ್ದಳು. "ಟೇಪು ತೊಳೆದ್ರೆ ಹೋಗತ್ತೆ, ಇದು ನಾನು ಸತ್ರೂ ಹೋಗಲ್ಲ" ಎನ್ನುತ್ತಿದ್ದಳು. ಉಗುರಿಗೆ ಅವಳು ಬಣ್ಣ ಹಚ್ಚಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಫೋನು ಬರತೊಡಗಿದ್ದು ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲ್ ಚುನಾವಣೆ ಮುಗಿದ ಮೇಲೆ. ಆ ವರ್ಷ ದೇಶದ ತುಂಬ ಅದೇ ಕಾಯಿಲೆ. ಎಲ್ಲೋ ಚುನಾವಣಾ ಕಚೇರಿಯ ಕಿಟಕಿಗೆ ಗುಂಡು, ಇನ್ನೆಲ್ಲೋ ನ್ಯಾಯಾಧೀಶರೊಬ್ಬರ ಮನೆ ಮುಂದೆ ಬಂದೂಕು ಹಿಡಿದ ಗುಂಪು. ಸುದ್ದಿಯಲ್ಲಿ ನೋಡಿ, ಪಾಪ ಎಂದು ಚಾನೆಲ್ ಬದಲಿಸುತ್ತಿದ್ದೆವು. ನಮ್ಮಲ್ಲಿ ಏನಿದೆ ಎಂದು ಬರುತ್ತಾರೆ ಅಂದುಕೊಂಡಿದ್ದೆವು. ಬಂತು. ಯಾವುದೋ ಉಪಾಯದಿಂದ ಬದಲಾಯಿಸಿದ ದನಿ, ಡಬ್ಬದೊಳಗಿಂದ ಮಾತಾಡಿದಂತೆ. ಆರ್ಲಿಸ್ ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದಳು. ನನಗೂ ಕೇಳಿಸಿದಳು.

"ಓಟು ಕದ್ದ ಮುದುಕಿ, ಯಂತ್ರದಲ್ಲಿ ಏನೇನು ಮಾಡಿದೀಯ ಅಂತ ಗೊತ್ತು. ದೇಶದ್ರೋಹಿಗಳಿಗೆ ಏನು ಶಿಕ್ಷೆ ಅಂತ ನಿಂಗೂ ಗೊತ್ತು."

"ಯಂತ್ರ ಎಲ್ಲಿದೆ?" ಎಂದೆ ನಾನು. "ಈ ಊರಲ್ಲಿ ಕಾಫಿ ಯಂತ್ರಾನೇ ಸರಿಯಿಲ್ಲ!"

ಇಲ್ಲದ ಯಂತ್ರದ ಮೇಲೆ ಕೂಗಾಡುವವನು ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದಾನೆ, ದೂರದ ಯಾವನೋ ತಲೆಕೆಟ್ಟವನು ಎಂದು ನಾವು ನಕ್ಕೆವು. ಜೂನ್ ತಿಂಗಳಲ್ಲಿ ಬಂದ ಸಂದೇಶಕ್ಕೆ ಮಾತ್ರ ನಗು ಬರಲಿಲ್ಲ.

"ನಿಮ್ಮ ಅಂಗಳದ ದೀಪ ಸುಟ್ಟೋಗಿ ತಿಂಗಳಾಯ್ತು. ಕತ್ತಲಲ್ಲಿ ಯಾರು ಬಂದ್ರು, ಯಾರು ಹೋದ್ರು ಅಂತ ಯಾರಿಗೂ ಗೊತ್ತಾಗಲ್ಲ."

ದೀಪ ನಿಜವಾಗಿಯೂ ಸುಟ್ಟುಹೋಗಿತ್ತು. ಹಾರ್ಲನ್ ಇವತ್ತು ಹಾಕುತ್ತೇನೆ, ನಾಳೆ ಹಾಕುತ್ತೇನೆ ಎನ್ನುತ್ತಲೇ ಇದ್ದ. ಅದು ಗೊತ್ತಿರಬೇಕಾದರೆ ನಮ್ಮ ರಸ್ತೆಯಲ್ಲಿ ಓಡಾಡುವವನೇ ಆಗಿರಬೇಕು. ನಮ್ಮ ಜೊತೆ ಚರ್ಚಿನ ಬೆಂಚಿನಲ್ಲಿ ಕೂರುವವನು, ಡೀಸೆಲ್ ಹಾಕಿಸುವಾಗ ಕೈ ಎತ್ತುವವನು. ಆರ್ಲಿಸ್‌ಗೆ ಹೆದರಿಕೆ ಹುಟ್ಟಿದ್ದು ಅವತ್ತು. ನನಗೆ ಹುಟ್ಟಿದ್ದು ಸಿಟ್ಟು.

ಪೊಲೀಸರಿಗೆ ತಿಳಿಸಿದೆವು. ಷರೀಫನ ಕಚೇರಿಯಿಂದ ಡೆಪ್ಯುಟಿ ಗ್ರೆಗ್ ಸೊಬೊಟ್ಟಾ ಬಂದು ಬರೆದುಕೊಂಡು ಹೋದ. ಒಳ್ಳೆಯ ಹುಡುಗ, ಕಿವಿ ಸ್ವಲ್ಪ ದೊಡ್ಡದು. "ಬಳಸಿ ಬಿಸಾಕೋ ಫೋನು, ಮಿಸೆಸ್ ಟೋರ್ಗರ್ಸನ್. ಯಾರ ಹೆಸರಲ್ಲೂ ಇಲ್ಲ" ಎಂದ. ಹೆಸರಿಲ್ಲದವನನ್ನು ಹಿಡಿಯುವುದಾದರೂ ಹೇಗೆ?

ಹಾರ್ಲನ್ ಮಾತ್ರ ಮರುದಿನವೇ ಏಣಿ ತಂದು ಕಂಬಕ್ಕೆ ಒರಗಿಸಿದ. ತಿಂಗಳಿಂದ ಮುಂದೂಡಿದ ಕೆಲಸಕ್ಕೆ ಅವತ್ತು ಅವನಿಗೆ ಎಲ್ಲಿಲ್ಲದ ಅವಸರ. ಹೆಂಡತಿ ಕತ್ತಲಲ್ಲಿ ಮಲಗಬಾರದು ಎಂದಷ್ಟೇ ಅವನ ತಲೆಯಲ್ಲಿತ್ತು. ದೀಪ ಹಾಕಿದ. ಇಳಿಯುವಾಗ ಬಿದ್ದ. ಸೊಂಟದ ಮೂಳೆ ಮುರಿಯಿತು. ನಾನು ಓಡಿಹೋದಾಗ ಹುಲ್ಲಿನ ಮೇಲೆ ಬಿದ್ದಿದ್ದವನು, "ಮಾರ್ಡೆಲ್, ಸ್ವಿಚ್ಚು ಹಾಕಿ ನೋಡು, ಹತ್ತತ್ತಾ ಅಂತ" ಎಂದ. ದೀಪ ಹತ್ತಿತು. ನನಗೆ ಅಳು ಬಂತು.

ಮಗಳು ಶೆರಿ ಮಿನಿಯಾಪೊಲಿಸ್‌ನಿಂದ ಬಂದು ಅಡುಗೆಮನೆಯಲ್ಲಿ ನಿಂತು ಜಗಳವಾಡಿದಳು. "ಬಿಟ್ಬಿಡಮ್ಮ. ಆ ಕೀಲಿಕೈ ಎಸೆದುಬಿಡು. ಅಪ್ಪ ಸತ್ತಿದ್ರೆ ಏನ್ಮಾಡ್ತಿದ್ದೆ?" ಆರ್ಲಿಸ್ ಮೊಳೆಗೆ ನೇತಾಡುತ್ತಿದ್ದ ಕೀಲಿಕೈಯನ್ನೇ ನೋಡುತ್ತ ಕೂತಿದ್ದಳು. ನಮ್ಮ ಜೊತೆ ಮೇಜಿನಲ್ಲಿ ಕೂರುತ್ತಿದ್ದ ಜೋನ್ ಆಗಲೇ ಹೆದರಿ ಕೆಲಸ ಬಿಟ್ಟಿದ್ದಳು. ಆರ್ಲಿಸ್ ಬಿಟ್ಟರೆ ನವೆಂಬರ್‌ನಲ್ಲಿ ಹಾಲ್‌ನ ಬಾಗಿಲು ತೆಗೆಯುವವರೇ ಇರಲಿಲ್ಲ. "ಬಿಡೋದು ಸುಲಭ ಕಣೇ," ಎಂದಳು ಮಗಳಿಗೆ, "ಆದ್ರೆ ಯಾರಿಗೆ ಹೆದರಿ ಬಿಟ್ಟೆ ಅಂತ ಗೊತ್ತಾಗ್ಬೇಕಲ್ಲ." ಶೆರಿ ಬಾಗಿಲು ದಡಾರನೆ ಹಾಕಿಕೊಂಡು ಹೊರಟುಹೋದಳು.

ಹಾರ್ಲನ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಾಟ್‌ಡಿಶ್‌ಗಳ ಮೆರವಣಿಗೆ ಶುರುವಾಯಿತು. ಕೋಳಿ ಹಾಕಿದ್ದು, ಟ್ಯೂನಾ ಮೀನು ಹಾಕಿದ್ದು, ಅನ್ನ ಹಾಕಿದ್ದು. ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ಎಲ್ಲ ಪಾತ್ರೆಯ ತಳದಲ್ಲೂ ಟೇಪು, ಟೇಪಿನ ಮೇಲೆ ಹೆಸರು.

ಆಗಸ್ಟ್ ಕೊನೆಯ ಒಂದು ಭಾನುವಾರ ಚರ್ಚು ಮುಗಿಸಿ ನಾವು ಮೂವರೂ ಬಂದಾಗ ಜಗಲಿಯ ಮೇಲೆ ಒಂದು ಚೀಲ ಇತ್ತು. ಬಿಸಿ ಆರದಂತೆ ಹಾಟ್‌ಡಿಶ್ ಇಡುವ ದಪ್ಪ ಚೀಲ, ಜಿಪ್ಪು ಎಳೆದದ್ದು. ಆರ್ಲಿಸ್ ಮೇಲೆ ಕೈಯಿಟ್ಟು ನೋಡಿದಳು. ಬಿಸಿಯಿತ್ತು. ಭಾರವಾಗಿತ್ತು. ಜಾಗ್ರತೆಯಾಗಿ ಎತ್ತಿ, ಕೆಳಗೆ ಬಗ್ಗಿ ನೋಡಿದಳು, ಚೀಟಿ ಇಲ್ಲ. ಜಿಪ್ಪನ್ನು ಒಂದಿಷ್ಟು ಸರಿಸಿ ಪಾತ್ರೆಯ ತಳ ಮುಟ್ಟಿ ನೋಡಿದಳು. ಟೇಪು ಇಲ್ಲ. ಮಲಗಿದ ಮಗುವನ್ನು ಇಳಿಸುವಂತೆ ಅದನ್ನು ಕೆಳಗಿಟ್ಟಳು.

"ಹೆಸರಿಲ್ಲ, ಮಾರ್ಡೆಲ್."

ಬೇರೆ ಊರಿನವರಿಗೆ ಇದು ಹುಚ್ಚೆನಿಸಬಹುದು. ನಮ್ಮ ಊರಿನಲ್ಲಿ ಹೆಸರಿಲ್ಲದ ಹಾಟ್‌ಡಿಶ್ ಯಾವತ್ತೂ ಇರಲಿಲ್ಲ. ಊಟ ಕೊಟ್ಟವರು ಯಾರೆಂದು ತಿಳಿಯದಿದ್ದರೆ ಪಾತ್ರೆ ಯಾರಿಗೆ ಹಿಂದಿರುಗಿಸುವುದು? ಪಾತ್ರೆ ವಾಪಸು ಬೇಡ ಎನ್ನುವವನು ತಂದದ್ದು ಊಟ ಇರಲಾರದು. ನಮ್ಮ ಲೆಕ್ಕ ಅಷ್ಟೇ. ನಾನು ಆರ್ಲಿಸ್‌ಳ ತೋಳು ಹಿಡಿದೆಳೆದೆ. ಹಾರ್ಲನ್ ಆಸ್ಪತ್ರೆಯವರು ನಡೆಯಲು ಕೊಟ್ಟಿದ್ದ ವಾಕರ್ ತಳ್ಳಿಕೊಂಡು, ಬೈದುಕೊಳ್ಳುತ್ತ, ನಮ್ಮ ಹಿಂದೆ ರಸ್ತೆ ದಾಟಿದ. ಗ್ರೆಗ್‌ಗೆ ಫೋನು ಮಾಡಿದೆ.

ಗ್ರೆಗ್ ಬಂದ, ದೂರದಿಂದ ನೋಡಿದ, ತನಗಿಂತ ದೊಡ್ಡವರನ್ನು ಕರೆಸಿದ. ನಗರದಿಂದ ಬಾಂಬ್ ದಳದ ವ್ಯಾನು ಬಂತು. ರಸ್ತೆಗೆ ಹಳದಿ ಪಟ್ಟಿ ಕಟ್ಟಿದರು. ನಾವು ಮೂವರು ನನ್ನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿರಬೇಕೆಂದು ಆಜ್ಞೆಯಾಗಿತ್ತು. ನಾವು ಕಿಟಕಿಯಲ್ಲಿದ್ದೆವು. ಚಕ್ರದ ಮೇಲೆ ಉರುಳುವ ಒಂದು ಯಂತ್ರ ಜಗಲಿ ಹತ್ತಿ ಚೀಲದ ಮುಂದೆ ನಿಂತಿತು.

"ಕೊನೆಗೂ ನಮ್ಮೂರಿಗೆ ಯಂತ್ರ ಬಂತು" ಎಂದ ಹಾರ್ಲನ್.

"ಸುಮ್ನಿರಿ" ಎಂದಳು ಆರ್ಲಿಸ್. ಅವಳು ನನ್ನ ಕೈ ಹಿಡಿದಿದ್ದಳು, ನೋಯುವಷ್ಟು.

ಒಳಗೆ ಬಾಂಬ್ ಇದ್ದರೆ ಕೆಡಲಿ ಎಂದು ಯಂತ್ರ ಜೋರಾಗಿ ನೀರು ಹೊಡೆಯಿತು. ಸಿಡಿಲಿನಂಥ ಸದ್ದು. ಜಗಲಿ, ಬಾಗಿಲು, ಲೈಲಾಕ್ ಗಿಡ, ಗಿಡದ ಮೇಲಿನ ಹಕ್ಕಿಮನೆ, ಎಲ್ಲ ಕಡೆ ಏನೋ ಕಂದುಬಣ್ಣದ್ದು ಎರಚಿತು. ಆಮೇಲೆ ಗ್ರೆಗ್ ರಸ್ತೆ ದಾಟಿ ಬಂದ. ಟೋಪಿ ಕೈಯಲ್ಲಿತ್ತು. ಕಿವಿ ಕೆಂಪಗಾಗಿತ್ತು.

"ಮಿಸೆಸ್ ಟೋರ್ಗರ್ಸನ್, ಅದು... ಆಲೂಗಡ್ಡೆ."

"ಖೀಮಾ ಇತ್ತಾ?" ಎಂದು ಹಾರ್ಲನ್ ಕೇಳಿದ.

"ಇತ್ತು ಸಾರ್."

"ಅಯ್ಯೋ, ಹಾಳ್ಮಾಡಿದ್ರಲ್ಲೋ!"

ಬೆಟ್ಟ ಅಗೆದು ಇಲಿ ಹಿಡಿದರು ಎಂದು ಊರೆಲ್ಲ ನಕ್ಕಿತು. ಹೆಂಡದಂಗಡಿಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಹಾಟ್‌ಡಿಶ್‌ಗೆ ಬಾಂಬ್ ಎಂದೇ ಹೆಸರಾಯಿತು. "ಇವತ್ತು ನಿಮ್ಮನೇಲಿ ಏನಡುಗೆ?" "ಬಾಂಬು." ಆರ್ಲಿಸ್ ಕೂಡ ನಕ್ಕಳು. ಆದರೆ ತಂದದ್ದು ನಾನೇ ಎಂದು ಯಾರೂ ಮುಂದೆ ಬರಲಿಲ್ಲ. ಅದನ್ನು ಗಮನಿಸಿದವಳೂ ಅವಳೊಬ್ಬಳೇ.

ಆ ಸೋಮವಾರ ನಾವಿಬ್ಬರೂ ಜಗಲಿ ತೊಳೆದೆವು. ಪೊಲೀಸರು ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು. ಲೈಲಾಕ್ ಗಿಡದ ಬುಡದಲ್ಲಿ ಒಂದು ಚೂರು ಉಳಿದಿತ್ತು, ಅಂಗೈ ಅಗಲದ್ದು. ಆರ್ಲಿಸ್ ಅದನ್ನು ಎತ್ತಿ ಏಪ್ರನ್‌ಗೆ ಒರೆಸಿ ತಿರುಗಿಸಿದಳು. ತಳವನ್ನು ಚಾಕುವಿನಿಂದ ಕೆರೆದಿದ್ದರು. ಜೋರಾಗಿ, ಮತ್ತೆ ಮತ್ತೆ ಕೆರೆದಿದ್ದರು. ಆದರೂ ಹಳೆಯ ಪಾತ್ರೆಯ ಬಿರುಕುಗಳಲ್ಲಿ ಕೆಂಪು ಉಳಿದಿತ್ತು. ಉಗುರಿನ ಬಣ್ಣ.

ಪೈಪಿನ ನೀರು ಸುಮ್ಮನೆ ಹರಿಯುತ್ತಿತ್ತು.

"ಲೈಲ್" ಎಂದೆ ನಾನು.

ಲೈಲ್ ಬ್ರೆಕ್ಕೆಗೆ ನಲವತ್ತು ದಾಟಿತ್ತು. ಕಿಟಕಿ ಚೌಕಟ್ಟಿನ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದ. ತಾಯಿ ಹೋದ ಮೇಲೆ ಚರ್ಚಿಗೂ ಬರುತ್ತಿರಲಿಲ್ಲ. ಮನೆಯಲ್ಲಿ ಒಬ್ಬನೇ, ಕೈಯಲ್ಲಿ ಫೋನು, ಫೋನಿನೊಳಗೆ ಹಗಲೂ ರಾತ್ರಿ ಕೂಗುವ ಮುಖಗಳು. ಯಾವ ಪಕ್ಷದವನೆಂದು ನನ್ನನ್ನು ಕೇಳಬೇಡಿ, ಕೂಗುವ ಮುಖಗಳಿಗೆ ಪಕ್ಷ ಒಂದು ನೆಪ. ಇದೇ ಆರ್ಲಿಸ್ ಅವನಿಗೆ ಭಾನುವಾರದ ಪಾಠ ಹೇಳಿದವಳು. ಅವನ ತಾಯಿಯ ಶವಪೆಟ್ಟಿಗೆಯ ಪಕ್ಕ ಅವನ ಕೈ ಹಿಡಿದು ನಿಂತವಳೂ ಇವಳೇ.

"ಈಗ್ಲೇ ಗ್ರೆಗ್‌ಗೆ ಫೋನ್ ಮಾಡು" ಎಂದೆ.

"ಏನಂತ? ಸತ್ತ ಇನೆಜ್ ಬಂದು ಹಾಟ್‌ಡಿಶ್ ಇಟ್ಟೋದ್ಲು ಅಂತಾನಾ? ಊಟ ತಂದಿಟ್ಟಿದ್ದು ಅಪರಾಧ ಅಲ್ಲ."

"ಹೆಸರು ಯಾಕೆ ಕೆರೆದ ಹಾಗಾದ್ರೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು! ಫೋನ್ ಮಾಡಿದವ್ನು ಅವನೇ ಕಣೇ. ಹಾರ್ಲನ್ ಬಿದ್ದ ಅಂತ ಗೊತ್ತಾದ್ಮೇಲೆ ಹೊಟ್ಟೇಲಿ ಬೆಂಕಿ ಬಿದ್ದಿದೆ."

"ಅಷ್ಟು ನಂಗೂ ಗೊತ್ತಾಗತ್ತೆ ಮಾರ್ಡೆಲ್."

"ಮತ್ತೆ? ಉಪ್ಪು ತಿಂದವ್ನು ನೀರು ಕುಡೀಬೇಕು. ನಿನ್ನ ಗಂಡನ ಸೊಂಟ ಮುರಿದಿದೆ, ನೀನು ಅವನ ಮೇಲೆ ಕನಿಕರ ತೋರಿಸ್ತಾ ಕೂತಿದೀಯ!"

ಅವಳು ಪೈಪು ಕೆಳಗೆ ಹಾಕಿದಳು. ಆರ್ಲಿಸ್ ಸಿಟ್ಟಾದದ್ದನ್ನು ನಾನು ನೋಡಿದ್ದೇ ಕಡಿಮೆ.

"ಕನಿಕರ ಅಲ್ಲ. ನಂಗೆ ಅವನ ಮೇಲೆ ಎಷ್ಟು ಸಿಟ್ಟಿದೆ ಅಂದ್ರೆ, ರಾತ್ರಿ ಹಲ್ಲು ಕಡಿದು ದವಡೆ ನೋಯತ್ತೆ. ಆದ್ರೆ ನಾನು ಅವನ ಹೆಸರು ಹೇಳಿದ್ರೆ ಅವನು ಏನಂತಾನೆ? ನೋಡಿ, ಅವಳು ನನ್ನ ಮೇಲೆ ಹಗೆ ಸಾಧಿಸ್ತಿದಾಳೆ, ನಾನು ಹೇಳಿರ್ಲಿಲ್ವಾ ಅಂತಾನೆ. ಅವನ ಫೋನಿನ ಜನ ಹೌದು ಹೌದು ಅಂತಾರೆ. ಆ ಹೆಸರು ಅವನ ಬಾಯಿಂದ ಬರ್ಬೇಕು. ಎಲ್ರ ಮುಂದೆ."

"ಬರ್ದೇ ಇದ್ರೆ?"

"ನವೆಂಬರ್ ತನಕ ನೋಡ್ತೀನಿ. ಅವನು ಓಟು ತಪ್ಪಿಸಿದವನಲ್ಲ. ಜೋನ್ ಬಿಟ್ಟಿದಾಳಲ್ಲ, ಅವಳು ನೋಡ್ಕೊಳ್ತಿದ್ದ ಹೆಸರುಗಳನ್ನೂ ನಾನೇ ನೋಡ್ಕೋತೀನಿ. ಬ್ರೆಕ್ಕೆ ಅನ್ನೋ ಹೆಸರಿನವ್ರು ನನ್ನ ಮುಂದೇನೇ ಬಂದು ನಿಲ್ಬೇಕು. ಬಂದು ಹೆಸರು ಹೇಳಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೋದ, ಇಲ್ಲ ಬರಲೇ ಇಲ್ಲ ಅಂದ್ರೆ, ಮಾರನೇ ದಿನ ಈ ಚೂರು ಗ್ರೆಗ್‌ಗೆ, ಹಾಲ್ ಕೀಲಿಕೈ ಊರ ಮಂಡಳಿಗೆ. ಎರಡೂ ಕೊಟ್ಬಿಡ್ತೀನಿ. ಅಂಥೋರ ಹೆಸರು ಕೇಳ್ತಾ ಕೂರೋ ಶಕ್ತಿ ನಂಗಿಲ್ಲ."

ಅದು ತಪ್ಪು ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಅವನು ಎರಡು ತಿಂಗಳಲ್ಲಿ ಬಂದೂಕು ತಂದಿದ್ದರೆ? ನಾನು ಆ ಎರಡು ತಿಂಗಳು ಸಂಜೆಯಾದರೆ ಕಿಟಕಿಯಲ್ಲಿ ಕೂತು ಅವಳ ಅಂಗಳದ ದೀಪವನ್ನೇ ಕಾಯುತ್ತಿದ್ದೆ. ಹೆಣೆಯಲೆಂದು ಹಿಡಿದ ಸ್ವೆಟರು ತೋಳಿನ ಹತ್ತಿರವೇ ನಿಂತುಹೋಯಿತು. ಫೋನು ಮಾತ್ರ ಮತ್ತೆ ಬರಲಿಲ್ಲ.

ಓಟಿನ ದಿನ ತಣ್ಣಗೆ ಕೊರೆಯುವ ಗಾಳಿ. ಹಾಲ್‌ನ ಮೂಲೆಯಲ್ಲಿ ನಾವು ತಂದ ಬೀನ್ಸ್ ಸೂಪು ದೊಡ್ಡ ಪಾತ್ರೆಯಲ್ಲಿ ಬಿಸಿಯಾಗುತ್ತಿತ್ತು. ಬೆದರಿಕೆ ಇದ್ದದ್ದರಿಂದ ಆ ವರ್ಷ ಗ್ರೆಗ್‌ನನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ನಮ್ಮ ಊರಲ್ಲಿ ಓಟಿನ ದಿನ ಬಂದೂಕು ಕಟ್ಟಿದವನು ಬಾಗಿಲಲ್ಲಿ ನಿಂತದ್ದು ಅದೇ ಮೊದಲು. ಒಳಗೆ ಬಂದ ಮುದುಕರು ಅವನನ್ನು ಕಂಡು ತಮ್ಮದೇ ಏನೋ ತಪ್ಪಾಯಿತೆಂಬಂತೆ ತಲೆ ತಗ್ಗಿಸುತ್ತಿದ್ದರು. ನನಗೆ ನಾಚಿಕೆಯಾಯಿತು.

ಹಾರ್ಲನ್ ವಾಕರ್ ತಳ್ಳಿಕೊಂಡು ಬಂದ. ಸಾಲಿನವರು ನಗಲು ತಯಾರಾಗಿ ನಿಂತರು.

"ಹೆಸರು?" ಎಂದಳು ಆರ್ಲಿಸ್.

ಅವನು ವಾಕರ್ ಬಿಟ್ಟು ನೆಟ್ಟಗೆ ನಿಂತು, "ಹಾರ್ಲನ್ ಟೋರ್ಗರ್ಸನ್" ಎಂದ. ವಿಳಾಸವನ್ನೂ ಹೇಳಿದ. ತಮಾಷೆ ಮಾಡಲಿಲ್ಲ. ಯಾರೂ ನಗಲಿಲ್ಲ. ಆರ್ಲಿಸ್ ಮತಪತ್ರ ಕೊಡುವಾಗ ಅವನ ಬೆರಳನ್ನು ಒತ್ತಿದ್ದು ಪಕ್ಕದಲ್ಲಿ ಕೂತ ನನಗೆ ಕಾಣಿಸಿತು.

ಮಧ್ಯಾಹ್ನವಾಯಿತು. ಬ್ರೆಕ್ಕೆ ಬರಲಿಲ್ಲ. ಸೂಪು ತಳ ಹಿಡಿಯಿತು. ಸಂಜೆ ಹೊರಗೆ ಕತ್ತಲಾಗುವ ಹೊತ್ತಿಗೆ, ಹಾಲು ಕರೆದು ಬಂದ ರೈತರ ಸಾಲಿನ ಕೊನೆಯಲ್ಲಿ ಅವನನ್ನು ಕಂಡೆ. ಬಹಳ ಇಳಿದುಹೋಗಿದ್ದ. ಹಿಂದೆ ಬಂದವರಿಗೆಲ್ಲ "ನೀವು ಹೋಗಿ, ನೀವು ಹೋಗಿ" ಎಂದು ಜಾಗ ಬಿಟ್ಟುಕೊಡುತ್ತಿದ್ದ. ಕೊನೆಗೆ ಬಿಟ್ಟುಕೊಡಲು ಯಾರೂ ಉಳಿಯಲಿಲ್ಲ.

ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟ. ಆರ್ಲಿಸ್ ಅದನ್ನು ನೋಡಲಿಲ್ಲ, ಅವನನ್ನು ನೋಡಿದಳು.

"ಹೆಸರು?"

"ಗೊತ್ತಲ್ಲ ನಿಮಗೆ" ಎಂದ, ಮೇಜಿನ ಕಡೆಗೆ.

"ಗೊತ್ತು. ಆದ್ರೂ ಹೇಳ್ಬೇಕು. ಎಲ್ರಿಗೂ ಅದೇ ನಿಯಮ."

"ಲೈಲ್ ಬ್ರೆಕ್ಕೆ."

"ಎಲ್ರಿಗೂ ಕೇಳಿಸ್ಬೇಕು ಲೈಲ್. ನಿಮ್ಮಮ್ಮ ಇದ್ದಿದ್ರೆ ಮತ್ತೆ ಮೊದ್ಲಿಂದ ಹೇಳಿಸ್ತಿದ್ಲು."

"ಲೈಲ್ ಬ್ರೆಕ್ಕೆ" ಎಂದ, ಈ ಸಲ ಜೋರಾಗಿ. ಬೆಟ್ಟದ ರಸ್ತೆಯ ವಿಳಾಸ ಹೇಳಿದ. ಅವನ ಹೆಸರನ್ನು ಅವಳು ತಿರುಗಿ ಜೋರಾಗಿ ಹೇಳಿದಳು, ಅದೂ ನಿಯಮ. ಮತದಾರರ ಪುಸ್ತಕ ಅವನ ಕಡೆ ತಿರುಗಿಸಿ ಸಹಿಗೆ ಪೆನ್ನು ಕೊಟ್ಟಳು. ಅವನು ಪೆನ್ನು ಹಿಡಿದ, ಆದರೆ ಬರೆಯಲಿಲ್ಲ. ಸಹಿ ಹಾಕಿ ಹೋಗಿಬಿಟ್ಟರೆ ನಾಳೆ ಬೆಳಿಗ್ಗೆ ಆ ಮೊಳೆ ಖಾಲಿ.

"ಫೋನ್ ಮಾಡಿದ್ದು ನಾನೇ" ಎಂದ ಲೈಲ್. ಹೆಸರು ಹೇಳಿದಷ್ಟೇ ಜೋರಾಗಿ. "ಎಲ್ಲ ಫೋನೂ ನಾನೇ. ದೀಪದ್ದೂ. ಹಾಟ್‌ಡಿಶ್ ತಂದಿದ್ದೂ ನಾನೇ, ಹೆಸರು ಹಾಕೋಕೆ... ಮುಖ ಇರ್ಲಿಲ್ಲ."

ಬಾಗಿಲಲ್ಲಿದ್ದ ಗ್ರೆಗ್ ಒಂದು ಹೆಜ್ಜೆ ಮುಂದಿಟ್ಟ. ಆರ್ಲಿಸ್ ಅವನ ಕಡೆ ಕೈ ಎತ್ತಿದಳು, ನಿಲ್ಲು ಎಂಬಂತೆ.

"ಇಲ್ಲಿ ಸಹಿ ಹಾಕು" ಎಂದಳು ಲೈಲ್‌ಗೆ. ಅವನು ಹಾಕಿದ. ಅವಳು ಮತಪತ್ರವನ್ನು ಅವನ ಕೈಗೆ ಕೊಟ್ಟಳು. "ಮೊದ್ಲು ಓಟು ಹಾಕು. ಆಮೇಲೆ ಬಾಗ್ಲಲ್ಲಿ ಗ್ರೆಗ್ ಇದಾನೆ, ಈಗ ಹೇಳಿದ್ದನ್ನೇ ಅವನಿಗೂ ಹೇಳು."

ಅವನು ಮರೆಯೊಳಗೆ ಹೋದ. ಬಹಳ ಹೊತ್ತು ತೆಗೆದುಕೊಂಡ. ಬಂದು, ತನ್ನ ತಾಯಿ ಎಣಿಸುತ್ತಿದ್ದ ಮರದ ಪೆಟ್ಟಿಗೆಯ ಸೀಳಿನೊಳಗೆ ಮತಪತ್ರ ಇಳಿಸಿದ. ಬಾಗಿಲಿಗೆ ನಡೆದ. ಗ್ರೆಗ್ ಅವನ ತೋಳು ಹಿಡಿಯಲಿಲ್ಲ, ಬಾಗಿಲು ತೆಗೆದು ಹಿಡಿದ. ಇಬ್ಬರೂ ಹೊರಗೆ ಹೋದರು.

ಅವತ್ತು ಎಣಿಕೆ ಮುಗಿಸಿ ಬೀಗ ಹಾಕುವಾಗ ಅವಳ ಮೇಲೆ ರೇಗಿದೆ. "ಅವನಿಗೆ ಓಟು ಬೇರೆ ಕೇಡು! ಅಲ್ಲೇ ಹಿಡಿಸ್ಬೇಕಿತ್ತು."

"ಇಂಥ ಅಪರಾಧಕ್ಕೆ ಶಿಕ್ಷೆ ಆದ್ರೆ, ಅದು ಮುಗಿಯೋ ತನಕ ಓಟಿನ ಹಕ್ಕು ಇರಲ್ಲ ಮಾರ್ಡೆಲ್. ಇವತ್ತು ಅವನ ಹೆಸರು ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಹೆಸರಿರೋನಿಗೆ ಓಟು ಕೊಡೋದು ನನ್ನ ಕೆಲಸ." ಕೀಲಿಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಕಾರಿನಲ್ಲಿ ಕೂತು, ಸ್ಟೇರಿಂಗ್ ಮೇಲೆ ಹಣೆಯಿಟ್ಟು, ಆ ವರ್ಷವೆಲ್ಲ ಅಳದ ಅಳುವನ್ನು ಅತ್ತಳು. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ನಮಗೆ ಬಾಯಿ ಬರುವುದಿಲ್ಲ ಎಂದೆನಲ್ಲ.

ನ್ಯಾಯಾಲಯದಲ್ಲಿ ಅವಳು ಅವನ ಪರವಾಗಿ ಒಂದು ಮಾತೂ ಆಡಲಿಲ್ಲ, ವಿರುದ್ಧವಾಗಿಯೂ ಆಡಲಿಲ್ಲ. ಬಂದ ಫೋನುಗಳನ್ನು, ಬಿದ್ದ ಗಂಡನನ್ನು ಇದ್ದ ಹಾಗೆ ಹೇಳಿದಳು. ಲೈಲ್ ಕೆಲವು ತಿಂಗಳು ಜೈಲಿನಲ್ಲಿದ್ದ, ಆಮೇಲೆ ಮನೆಯಲ್ಲಿದ್ದುಕೊಂಡೇ ಅಧಿಕಾರಿಯ ಕಣ್ಣಳತೆಯಲ್ಲಿ ಕೆಲವು ವರ್ಷ. ಅವನು ಜೈಲಿನಿಂದ ಬಂದ ವಾರ ಆರ್ಲಿಸ್ ಒಂದು ಹೊಸ ಪಾತ್ರೆ ಕೊಂಡುತಂದಳು. ಪಾತ್ರೆ ಒಡೆದದ್ದು ಪೊಲೀಸರಾದರೂ ತಂದಿಟ್ಟದ್ದು ತನ್ನ ಜಗಲಿಗೆ, ವಾಪಸು ಕೊಡಬೇಕಾದವಳು ತಾನು ಎಂದು ಅವಳ ವಾದ. ಖಾಲಿ ಕೊಡುವಂತಿಲ್ಲವಲ್ಲ, ಹಾಟ್‌ಡಿಶ್ ಮಾಡಿ ತುಂಬಿಸಿದಳು. ತಳಕ್ಕೆ ಕೆಂಪು ಬಣ್ಣದಲ್ಲಿ ಬ್ರೆಕ್ಕೆ ಎಂದು ಬರೆದಳು. ಉಗುರಿನ ಬಣ್ಣ ನನ್ನದು, ಅವಳ ಹತ್ತಿರ ಇರಲಿಲ್ಲ. ಕೊಡುವಾಗ ನಾನು ಗೊಣಗಿದೆ.

ಈ ಏಪ್ರಿಲ್‌ನದು ಅವಳ ಕೊನೆಯ ಚುನಾವಣೆ. ಲೈಲ್‌ನ ಶಿಕ್ಷೆ ಚಳಿಗಾಲದಲ್ಲೇ ಮುಗಿದಿತ್ತು. ಹೊಸದಾಗಿ ಹೆಸರು ಸೇರಿಸಲು ಅವಳ ಅಡುಗೆಮನೆಗೇ ಹೋಗಿದ್ದನಂತೆ. ಅವತ್ತು ಬೆಳಿಗ್ಗೆ ಬಾಗಿಲು ತೆಗೆದಾಗ ಸಾಲಿನ ಮೊದಲಲ್ಲೇ ನಿಂತಿದ್ದ. ನಾನು ಅವನನ್ನು ಕ್ಷಮಿಸಿಲ್ಲ, ಅದು ಅವನಿಗೂ ಗೊತ್ತು, ನನ್ನ ಕಡೆ ನೋಡಲಿಲ್ಲ. ಆರ್ಲಿಸ್ ಪೆನ್ನು ಎತ್ತಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

"ಲೈಲ್ ಬ್ರೆಕ್ಕೆ!"

ಮೂಲೆಯಲ್ಲಿ ಸೂಪಿನ ಪಾತ್ರೆ ಕಾಯುತ್ತಿದ್ದ ಹಾರ್ಲನ್, "ಕೇಳಿಸ್ತು ಕಣಯ್ಯ, ಕೇಳಿಸ್ತು" ಎಂದ.